ನೀಮಾ ಹೆಣೆದ ಜಡೆಗಳು

ಮೈಸೂರಿಗೆ ಬಂದಿಳಿದ ಮೊದಲ ಬೆಳಿಗ್ಗೆ ಸಿಟಿ ಬಸ್ಸಿನ ಕಂಡಕ್ಟರ್ ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ. "ವೇರ್ ಗೋಯಿಂಗ್, ಮೇಡಂ?" ಎಂದು ಕೇಳಿ, ನನಗೆ ಅದೂ ತಿಳಿಯಲಿಲ್ಲವೇನೋ ಎಂದು ಕೈಯನ್ನೂ ಆಡಿಸಿ ತೋರಿಸಿದ.

"ಸರಸ್ವತಿಪುರಕ್ಕ ಒಂದು ಟಿಕೀಟ ಕೊಡ್ರಿ" ಎಂದೆ.

ಅರ್ಧ ಬಸ್ಸು ತಿರುಗಿ ನೋಡಿತು. ಮುಂದಿನ ಸೀಟಿನ ಹೆಂಗಸು ಮಡಿಲಲ್ಲಿದ್ದ ಸೊಪ್ಪಿನ ಚೀಲ ಪಕ್ಕಕ್ಕಿಟ್ಟು, "ಅಯ್ಯೋ, ಎಷ್ಟು ಚೆನ್ನಾಗಿ ಕನ್ನಡ ಕಲ್ತವ್ಳೆ ನೋಡ್ರೀ! ಯಾವ ದೇಶ ಕಣಮ್ಮ ನಿಂದು?" ಎಂದರು.

"ಮುಂಡಗೋಡ ರೀ."

"ಅದು ಆಫ್ರಿಕಾದಲ್ಲಿ ಎಲ್ಲಿ ಬರತ್ತೆ?"

ಊರ ಕಡೆಯ ನನ್ನ ಜನರೇ, ನೀವಿದನ್ನು ಓದಿ ನಗುತ್ತೀರಿ. ನಾನೂ ಈಗ ನಗುತ್ತೇನೆ. ಅಂದು ಹತ್ತೊಂಬತ್ತು ವರ್ಷದ ನನಗೆ ನಗು ಬರಲಿಲ್ಲ. ನಮ್ಮ ಸಿದ್ದಿ ಕೇರಿಯಲ್ಲಿ ಎಲ್ಲರದೂ ನನ್ನದೇ ಕಪ್ಪು ಬಣ್ಣ, ನನ್ನದೇ ಸುರುಳಿ ಕೂದಲು. ಸಂತೆಗೆ ಹೋದರೂ ಜನ ನಮ್ಮನ್ನು ಸಿದ್ದಿಯರೆಂದೇ ಗುರುತಿಸುತ್ತಿದ್ದರು. ಒಮ್ಮೊಮ್ಮೆ ಹೀಯಾಳಿಸುತ್ತಲೂ ಇದ್ದರು. ಆದರೆ ಯಾರೂ ಯಾವ ದೇಶ ಎಂದು ಕೇಳಿದ್ದಿಲ್ಲ. ಟೀಚರ್ ಆಗುವ ತರಬೇತಿಗೆಂದು ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದವಳು, ನನ್ನದೇ ರಾಜ್ಯದಲ್ಲಿ ಪರದೇಶಿಯಾಗಿ ಇಳಿದಿದ್ದೆ.

ಚಾಮರಾಜಪುರಂನಲ್ಲಿ ಗೌರಮ್ಮನವರ ಮನೆಯ ಹಿಂಬದಿಯ ಕೋಣೆ ಸಿಕ್ಕಿತು. ಗಂಡ ತೀರಿಕೊಂಡ ಮೇಲೆ ಓದುವ ಹುಡುಗಿಯರಿಗೆ ಕೋಣೆ ಕೊಡುತ್ತಿದ್ದ ಲಿಂಗಾಯತ ಹೆಂಗಸು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಬಿಡುವಿಲ್ಲದ ಮಾತು. ನನ್ನ ಹೆಸರು ಗಿರಿಜಾ ಎಂದು ಕೇಳಿದ್ದೇ, "ನಮ್ಮ ಗೌರೀನೇ ಅಲ್ವಾ ಗಿರಿಜೆ ಅಂದ್ರೆ? ಒಳಗ್ಬಾ" ಎಂದು ಕಾಫಿ ಕೊಟ್ಟರು. ನಮ್ಮಲ್ಲಿ ಕಾಫಿ ಜ್ವರ ಬಂದವರಿಗೆ ಎಲ್ಲಿಂದಲೋ ತಂದು ಕೊಡುವ ವಸ್ತು. ಇಲ್ಲಿ ಅದಿಲ್ಲದೆ ಬೆಳಗಾಗುವುದಿಲ್ಲ. ನಮ್ಮ ರೊಟ್ಟಿಯ ಜಾಗಕ್ಕೆ ಮುದ್ದೆ ಬಂತು. ಅಗಿಯಬಾರದು, ನುಂಗಬೇಕು ಎನ್ನುವುದನ್ನು ಕಲಿಯಲು ಒಂದು ವಾರ ಹಿಡಿಯಿತು.

ಮಾತನ್ನೂ ಹೊಸದಾಗಿ ಕಲಿತೆ. ನಾವು ಹಣಿಗಿ ಎನ್ನುವುದು ಇಲ್ಲಿ ಬಾಚಣಿಗೆ. ನಮ್ಮ ಹೆಳಲು ಇಲ್ಲಿ ಜಡೆ. ಹೆಸರು ಬದಲಾದದ್ದು ದೊಡ್ಡದಲ್ಲ. ನನ್ನ ತಲೆಯ ಮೇಲೆ ಅವು ಮಾಡುವ ಕೆಲಸವೇ ಬದಲಾಯಿತು. ಊರಲ್ಲಿ ಅವ್ವ ಕೂದಲು ಒದ್ದೆಯಿರುವಾಗಲೇ ದಾಸವಾಳದ ಎಲೆಯ ಲೋಳೆ ಹಚ್ಚಿ, ತುದಿಯಿಂದ ಬೆರಳಲ್ಲಿ ಸಿಕ್ಕು ಬಿಡಿಸುತ್ತ ಮೇಲೆ ಬರುತ್ತಿದ್ದಳು. ಆಮೇಲೆ ಸಣ್ಣ ಸಣ್ಣ ಹೆಳಲು, ಸಡಿಲವಾಗಿ. ಅದಕ್ಕೆ ಅರ್ಧ ದಿನ ಬೇಕು, ಒಬ್ಬರ ಮೊಣಕಾಲ ನಡುವೆ ಕುಳಿತುಕೊಳ್ಳಬೇಕು. ಮೈಸೂರಿನಲ್ಲಿ ಯಾರ ಮೊಣಕಾಲು ಹುಡುಕಲಿ?

ಗೌರಮ್ಮನವರು ತಾವಾಗಿ ಮುಂದೆ ಬಂದರು. "ಹಿಂಗೇ ಬುಟ್ರೆ ಕಾಗೆ ಬಂದು ಗೂಡು ಕಟ್ಟತ್ತೆ ಕಣಮ್ಮ. ಕೂತ್ಕೋ ಇಲ್ಲಿ" ಎಂದು ಒಣ ಕೂದಲಿಗೆ ಕೈತುಂಬ ಕೊಬ್ಬರಿ ಎಣ್ಣೆ ಸುರಿದು, ಬುಡದಿಂದ ಬಾಚಣಿಗೆ ಎಳೆದು, ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದರು. ಕಣ್ಣಿನ ತುದಿ ಕಿವಿಯ ಕಡೆಗೆ ಎಳೆದುಕೊಂಡ ಹಾಗಾಯಿತು. ಕನ್ನಡಿಯಲ್ಲಿ ನೋಡಿಕೊಂಡರೆ ನಾನೂ ಕ್ಲಾಸಿನ ಇತರರಂತೆಯೇ ಕಂಡೆ. ಅಂದು ಮಲ್ಲಿಗೆ ಮುಡಿದು ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿ ಊರಿಗೆ ಕಳಿಸಿದೆ. ನನ್ನ ಮೊದಲ ಗೆಲುವು ಅದು ಎಂದೇ ತಿಳಿದಿದ್ದೆ. ದಿನವೂ ಹಾಗೆಯೇ ಬಿಗಿದೆ. ಮಧ್ಯಾಹ್ನದ ಹೊತ್ತಿಗೆ ತಲೆ ನೋಯುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಕಿವಿಯ ಮೇಲಿನ ಕೂದಲು ಉದುರಿ ಚರ್ಮ ಕಾಣತೊಡಗಿತ್ತು.

ಅದನ್ನು ಮೊದಲು ಗಮನಿಸಿದವಳು ನೀಮಾ. ತಾಂಜಾನಿಯಾದಿಂದ ಡಿಗ್ರಿ ಓದಲು ಬಂದಿದ್ದ ಅವಳು ಸರಸ್ವತಿಪುರಂನಲ್ಲಿ, ತರಬೇತಿ ಸಂಸ್ಥೆಯಿಂದ ಮರಳುವಾಗ ನಾನು ಬಸ್ಸು ಹಿಡಿಯುವ ಸ್ಟಾಪಿನ ಹತ್ತಿರವೇ, ತನ್ನ ದೇಶದ ಗೆಳತಿಯರ ಜೊತೆ ಇದ್ದಳು. ಒಂದು ಸಂಜೆ ನನ್ನನ್ನು ಕಂಡು ಅವಳ ಭಾಷೆಯಲ್ಲಿ ಏನೋ ಕೇಳಿದಳು. ಗೊತ್ತಾಗುವುದಿಲ್ಲ ಎಂದು ತಲೆಯಾಡಿಸಿದೆ. ನಾನು ಇಲ್ಲಿಯವಳೇ ಎಂದು ತಿಳಿದಾಗ ಅವಳು ಸ್ಟಾಪಿನಲ್ಲಿದ್ದವರೆಲ್ಲ ನೋಡುವಂತೆ ಜೋರಾಗಿ ನಕ್ಕು ನನ್ನ ಕೈ ಹಿಡಿದುಕೊಂಡಳು. ಆಮೇಲೆ ಅವಳ ನಗು ನಿಂತಿತು. ನನ್ನ ಕಿವಿಯ ಮೇಲೆ ಬೆರಳಿಟ್ಟು, "ಯಾರು ಎಳೀತಾರೆ ಇದು?" ಎಂದು ಅವಳ ಹರಕು ಕನ್ನಡದಲ್ಲಿ ಕೇಳಿದಳು.

ಹಾಗೆ ಶುರುವಾದ ಗೆಳೆತನ. ಅವಳಿಂದ ನಾನು ನನ್ನದೇ ಕೂದಲನ್ನು ಕಲಿತೆ. ಮೊದಲು ನೀರು ಚಿಮುಕಿಸು, ಎಣ್ಣೆ ಆಮೇಲೆ. ಎಣ್ಣೆ ಇರುವುದು ನೀರಿನ ಬದಲಿಗಲ್ಲ, ನೀರನ್ನು ಹಿಡಿದಿಡಲು. ಹಣೆಯ ಅಂಚಿನ ಎಳೆಗೂದಲನ್ನು ಜಡೆಗೆ ಸೇರಿಸಬೇಡ. ಹೆಣೆದ ಜಡೆ ಎಷ್ಟೇ ಚೆನ್ನಾಗಿ ನಿಂತಿದ್ದರೂ ಒಂದೂವರೆ ತಿಂಗಳಿಗೆ ಬಿಚ್ಚಿ ತಲೆಗೆ ವಿರಾಮ ಕೊಡು. ಮಲಗುವಾಗ ರೇಷ್ಮೆ ಬಟ್ಟೆ ಸುತ್ತಿಕೋ, ಹತ್ತಿಯ ದಿಂಬು ಪಸೆಯನ್ನೆಲ್ಲ ಕುಡಿದುಬಿಡುತ್ತದೆ. ಇದನ್ನು ಕೇಳಿದ ಗೌರಮ್ಮನವರು ಪೆಟ್ಟಿಗೆಯಿಂದ ತಮ್ಮ ಹರಿದ ಮೈಸೂರು ರೇಷ್ಮೆ ಸೀರೆಯ ತುಂಡು ತೆಗೆದು ಕೊಟ್ಟರು. "ನಂಗೇನ್ ಗೊತ್ತಿತ್ತಮ್ಮ. ನಮ್ಮನೇಲಿ ಎಲ್ರಿಗೂ ಹಂಗೇ ಬಾಚ್ತಿದ್ದೆ" ಎಂದು ಸಪ್ಪಗಾದರು.

ಒಂದು ಭಾನುವಾರ ನೀಮಾ ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ತಲೆ ಹೆಣೆದಳು. ಕಪ್ಪು ಉಣ್ಣೆಯ ದಾರ ಸೇರಿಸಿ ಸಣ್ಣ ಸಣ್ಣ ಜಡೆಗಳು. ಒಂದೊಂದಕ್ಕೂ "ನೋವು?" ಎಂದು ಕೇಳುತ್ತಿದ್ದಳು. ನೋವು ಎಂದರೆ ಬಿಚ್ಚಿ ಮತ್ತೆ ಸಡಿಲವಾಗಿ ಹೆಣೆಯುತ್ತಿದ್ದಳು. ಅವಳ ಭಾಷೆಯಲ್ಲಿ ಹೆಣೆಯುವುದಕ್ಕೆ 'ಸುಕಾ' ಎನ್ನುತ್ತಾರಂತೆ. ಅಂದು ಅವ್ವನ ನೆನಪಾಗಿ ಅತ್ತುಬಿಟ್ಟೆ. ನೀಮಾ ಅದು ನೋವೆಂದುಕೊಂಡು ಮತ್ತೊಂದು ಜಡೆ ಬಿಚ್ಚಿದಳು. "ಮುಂದಿನ ಭಾನುವಾರ ಬರ್ತೇನೆ, ಬುಡ ನೋಡ್ತೇನೆ, ಎಣ್ಣೆ ತರ್ತೇನೆ" ಎಂದು ಹೇಳಿ ಹೋದಳು.

ಮರುದಿನ ತರಬೇತಿ ಸಂಸ್ಥೆಯಲ್ಲಿ ನಮ್ಮ ಮೇಡಂ ಇಡೀ ಕ್ಲಾಸಿನ ಎದುರು ನನ್ನನ್ನು ನಿಲ್ಲಿಸಿದರು.

"ಏನಮ್ಮ ಇದು ವೇಷ? ನಾಳೆಯಿಂದ ಸ್ಕೂಲಿಗೆ ಹೋಗಿ ಪಾಠ ಮಾಡ್ಬೇಕು. ಮಕ್ಕಳು ಬೋರ್ಡ್ ನೋಡ್ತಾವೋ, ನಿನ್ನ ತಲೆ ನೋಡ್ತಾವೋ?"

ಹಿಂದಿನ ಬೆಂಚಿನವರು ಕಿಸಕ್ಕೆಂದರು. ನನ್ನದು ಇದೇ ಕೂದಲು ಮೇಡಂ, ಇದಕ್ಕೆ ಇದೇ ಸರಿ, ನಮ್ಮ ಕೇರಿಯಲ್ಲೂ ಹೀಗೇ ಹಾಕುತ್ತೇವೆ ಎಂದು ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ನಾನು ಹೇಳಿದ್ದು ಇದು:

"ನಾನಲ್ಲ ಮೇಡಂ. ಆ ಫಾರಿನ್ ಹುಡುಗಿ ಬಲವಂತ ಮಾಡಿ ಹಾಕ್ಬುಟ್ಳು. ನಂಗೂ ಅವ್ಳಿಗೂ ಏನೂ ಸಂಬಂಧ ಇಲ್ಲ."

ಅಲ್ಲಿಯವರೆಗೆ ಮೈಸೂರಿನವರಂತೆ ಮಾತಾಡಲು ಹೋಗಿ ತಡವರಿಸುತ್ತಿದ್ದವಳು, ಅಂದು ಒಂದಕ್ಷರ ತಪ್ಪದೆ ಅವರ ಕನ್ನಡದಲ್ಲೇ ಹೇಳಿದೆ.

ಸಂಜೆ ಮನೆಗೆ ಬಂದವಳೇ ಕತ್ತರಿ ಕೇಳಿದೆ. "ಪಾಪ, ಒಂದಿಡೀ ದಿನ ಕೂತು ಹಾಕವ್ಳೆ ಆ ಹುಡ್ಗಿ. ಅವಳ್ನೇ ಕರೆಸಿ ಬಿಚ್ಚಿಸಿದ್ರೆ ಆಗಲ್ವಾ?" ಎಂದರು ಗೌರಮ್ಮನವರು. ಆಗಲ್ಲ ಎಂದೆ. ಉಣ್ಣೆ ಎಲ್ಲಿ ಮುಗಿಯುತ್ತದೆ, ಕೂದಲು ಎಲ್ಲಿ ಶುರುವಾಗುತ್ತದೆ ಎಂದು ನೋಡುವ ತಾಳ್ಮೆಯೂ ನನಗಿರಲಿಲ್ಲ. ಕತ್ತರಿಸಿ ಎಳೆದೆ. ನೆಲದ ಮೇಲೆ ಎರಡೂ ಕಪ್ಪಗೆ ಬಿದ್ದಿದ್ದವು. ಉಳಿದದ್ದನ್ನು ಎಣ್ಣೆ ಹಚ್ಚಿ ಮೊದಲಿನಂತೆಯೇ ಬಿಗಿದು ಕಟ್ಟಿದೆ.

ಭಾನುವಾರ ನೀಮಾ ಹೇಳಿದ ಹೊತ್ತಿಗೇ ಬಂದಳು. ಅವಳ ದನಿ ಕೇಳಿ ನಾನು, "ಬೆಟ್ಟಕ್ಕೆ ಹೋಗಿದ್ದಾಳೆ ಅನ್ನಿ" ಎಂದು ಗೌರಮ್ಮನವರಿಗೆ ಕೈಮುಗಿದು ಬೀದಿ ಕಡೆಯ ಕೋಣೆ ಸೇರಿದೆ. ಕಿಟಕಿಯ ಸಂದಿನಿಂದ ನೋಡುತ್ತಿದ್ದೆ.

"ಗಿರಿಜಾ ಇಲ್ಲ ಕಣಮ್ಮ. ಚಾಮುಂಡಿ ಬೆಟ್ಟಕ್ಕೆ ಹೋಗವ್ಳೆ" ಎಂದರು ಅವರು, ನೆಲ ನೋಡುತ್ತ.

ನೀಮಾ ಕೂಡ ನೆಲ ನೋಡಿದಳು. ಹೊಸಿಲ ಪಕ್ಕದಲ್ಲಿ ನನ್ನ ಚಪ್ಪಲಿಗಳಿದ್ದವು. ಸ್ವಲ್ಪ ಹೊತ್ತು ಅವುಗಳನ್ನೇ ನೋಡಿ, "ಸರಿ ಅಮ್ಮ" ಎಂದು ಎಣ್ಣೆಯ ಸೀಸೆಯನ್ನು ಅವರ ಕೈಗೆ ಕೊಟ್ಟು ಹೊರಟಳು. ಗೇಟನ್ನು ಸದ್ದಾಗದಂತೆ ಹಾಕಿದಳು.

ಗೌರಮ್ಮನವರು ಒಳಬಂದು ಸೀಸೆಯನ್ನು ನನ್ನ ಮುಂದಿಟ್ಟರು. "ನನ್ನ ಬಾಯಲ್ಲಿ ಸುಳ್ಳು ಹೇಳಿಸ್ಬುಟ್ಟೆ ಕಣಮ್ಮ" ಎಂದರು.

ಆಮೇಲೆ ನಾನು ಒಂದು ಸ್ಟಾಪು ಮುಂದೆ ನಡೆದುಹೋಗಿ ಬಸ್ಸು ಹತ್ತತೊಡಗಿದೆ. ಕ್ಷಮೆ ಕೇಳಬೇಕೆಂದು ಧೈರ್ಯ ಮಾಡಿ ಅವಳ ರೂಮಿಗೆ ಹೋಗುವ ಹೊತ್ತಿಗೆ ಪರೀಕ್ಷೆ ಮುಗಿದು ತಿಂಗಳು ಕಳೆದಿತ್ತು. "ಆ ಹುಡ್ಗೀರು ಊರಿಗೆ ಹೋದ್ರಲ್ಲಮ್ಮ. ನೀವೂ ಅವರ ಕಡೆಯವ್ರಾ?" ಎಂದರು ಮನೆಯ ಮಾಲೀಕರು. ವಿಳಾಸ ಅವರಲ್ಲಿರಲಿಲ್ಲ. ಹೌದು ಎಂದೆ. ಈಗ ಹಾಗೆಂದದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಮೈಸೂರಿನಲ್ಲೇ ಕೆಲಸ ಸಿಕ್ಕಿತು, ಮೈಸೂರಿನಲ್ಲೇ ಉಳಿದೆ. ಟೀಚರ್ ಎಂದರೆ ಹೀಗಿರಬೇಕು ಎಂದು ಇನ್ನೂ ಏಳೆಂಟು ವರ್ಷ ಕೂದಲು ಬಿಗಿದೆ. ಕೊನೆಗೆ ಚರ್ಮದ ಡಾಕ್ಟರು ಕಿವಿಯ ಮೇಲಿನ ಜಾಗವನ್ನು ದೀಪ ಹಿಡಿದು ನೋಡಿ, "ಎಳೆದೂ ಎಳೆದೂ ಕೂದಲಿನ ಬೇರೇ ಸತ್ತುಹೋಗಿದೆ. ಮೊದಲೇ ಸಡಿಲ ಬಿಟ್ಟಿದ್ರೆ ಬರ್ತಿತ್ತು. ಈಗ ಇರೋದನ್ನ ಉಳಿಸ್ಕೊಳ್ಳಿ" ಎಂದರು. ಅಂದಿನಿಂದ ನೀಮಾ ಹೇಳಿಕೊಟ್ಟಂತೆ ನನ್ನ ಕೂದಲನ್ನು ನಾನೇ ಹೆಣೆದುಕೊಳ್ಳುತ್ತೇನೆ. ಶಾಲೆಗೂ ಹಾಗೆಯೇ ಹೋಗುತ್ತೇನೆ. ಮಕ್ಕಳು ಎರಡು ದಿನ ತಲೆ ನೋಡಿದವು, ಮೂರನೆಯ ದಿನ ಬೋರ್ಡು ನೋಡಿದವು. ಅಷ್ಟೇ ಇತ್ತು ಅದು.

ಕಳೆದ ಬೇಸಿಗೆ ರಜೆಗೆ ಊರಿಗೆ ಬಂದಾಗ ನಿಮ್ಮಲ್ಲಿ ಹಲವರು ನನ್ನ ಮಾತಿಗೆ ನಕ್ಕಿರಿ. "ಬುಡು ಅಂತಾಳ, ಮೈಸೂರಾಕಿ" ಎಂದಿರಿ. ಮೈಸೂರಿನಲ್ಲಿ ಆಟೋದವರು ಈಗಲೂ ಇಂಗ್ಲಿಷಿನಲ್ಲೇ ಬಾಡಿಗೆ ಹೇಳುತ್ತಾರೆ. ಇವೆರಡಕ್ಕೂ ಒಗ್ಗಿಕೊಂಡಿದ್ದೇನೆ. ನನ್ನಿಂದ ಒಗ್ಗಿಕೊಳ್ಳಲಾಗದ್ದು ಕೇರಿಯ ಹುಡುಗಿಯರ ತಲೆಗಳಿಗೆ. ಎಲ್ಲರದೂ ಬಿಗಿದು ಕಟ್ಟಿದ ಎರಡೆರಡು ಜಡೆ. ಅಕ್ಕನ ಮಗಳು ಸುಮಾಳ ಹಣೆಯ ಅಂಚು ಆಗಲೇ ತೆಳ್ಳಗಾಗಿತ್ತು.

"ಹಿಂಗ ಯಾರು ಕಲಿಸಿದ್ರು ನಿಮಗ?" ಎಂದೆ.

"ನೀನ! ಗ್ವಾಡಿಮ್ಯಾಲ ಫೋಟೋ ಐತಲ್ಲ. ಇದಕ್ಕ ಮೈಸೂರ ಹೆಳಲ ಅಂತೀವಿ, ಚಿಗವ್ವಾ."

ಅವಳನ್ನು ಮೊಣಕಾಲ ನಡುವೆ ಕೂರಿಸಿಕೊಂಡೆ. ನನ್ನ ಕಿವಿಯ ಮೇಲಿನ ಬೋಳು ಜಾಗವನ್ನು ಮುಟ್ಟಿ ನೋಡಲು ಹೇಳಿದೆ. ಮುಟ್ಟಿ ಕೈ ಹಿಂದೆಗೆದುಕೊಂಡಳು. ರಿಬ್ಬನ್ ಬಿಚ್ಚಿ, ನೀರು ಚಿಮುಕಿಸಿ, ತುದಿಯಿಂದ ಸಿಕ್ಕು ಬಿಡಿಸತೊಡಗಿದೆ.

"ನಿನಗ ಇದನ್ನ ಯಾರು ಕಲಿಸಿದ್ರು?"

"ನೀಮಾ ಅಂತ."

"ಅಕಿ ಯಾರು?"

"ನಮ್ಮಾಕಿ."

"ಹಂಗಾರ ಮುಂದಿನ ಸಲ ಕರಕೊಂಡ ಬಾ."

ಕೂದಲನ್ನು ಮೂರು ಪಾಲು ಮಾಡಿ ಹೆಣೆಯತೊಡಗಿದೆ. "ನೋವಾದ್ರ ಹೇಳು" ಎಂದೆ.