ತಾಯಿ ಪಟ್ಟಿಗೆ ಬಳಿದ ಸುಣ್ಣ

ಯುದ್ಧ ಮುಗಿದ ಮಾರನೇ ವರ್ಷ ನನ್ನ ಕೈಗೆ ಒಂದು ಹಳೇ ಪಿಕಪ್ ವ್ಯಾನು ಬಂತು. ಮುಂದೆ ಇಬ್ಬರು ಕೂರುವ ಜಾಗ, ಹಿಂದೆ ತೆರೆದ ಮರದ ತೊಟ್ಟಿ. ನಾನು ಹೊಸೂರಿನಲ್ಲಿ ರಸ್ತೆ ಪಕ್ಕದ ಹುಣಿಸೇಮರದ ಕೆಳಗೆ ಗಾಡಿ ರಿಪೇರಿ ಮಾಡುತ್ತಿದ್ದೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಸ್ವಂತ ದುಡಿಮೆಯಲ್ಲಿ ಗಾಡಿ ಮಾಡಿಕೊಂಡೆ ಅನ್ನುವುದು ನಾಲ್ಕು ಜನಕ್ಕೆ ಕಾಣಲಿ ಅಂತ ಅದನ್ನು ರಸ್ತೆಗೆ ಮುಖ ಮಾಡಿಯೇ ನಿಲ್ಲಿಸುತ್ತಿದ್ದೆ.

ಕಂಡವರು ನಕ್ಕರು. ಗಾಡಿಯ ಮೂತಿ ಮೇಲಕ್ಕೆದ್ದಿತ್ತು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಗಾಡಿಗಳನ್ನು ಇದ್ದಿಲ ಹೊಗೆಯಲ್ಲಿ ಓಡಿಸುತ್ತಿದ್ದರಲ್ಲ, ಇದರ ಹಳೇ ಯಜಮಾನ ಆ ಇದ್ದಿಲ ಒಲೆಯನ್ನು ಮುಂದುಗಡೆ ತಗುಲಿಹಾಕಿದ್ದ. ಅದರ ಭಾರ ಹೊರಲಿ ಅಂತ ಗಾಡಿಯನ್ನು ಚಕ್ರದ ಮೇಲೆ ಹೊರುವ ಮುಂದಿನ ಎರಡೂ ಸ್ಪ್ರಿಂಗು ಕಮಾನುಗಳಿಗೆ ಎರಡೆರಡು ಉಕ್ಕಿನ ಪಟ್ಟಿ ಹೆಚ್ಚಿಗೆ ಕಟ್ಟಿಸಿದ್ದ. ಈಗ ಒಲೆ ಹೋಗಿತ್ತು, ಪಟ್ಟಿ ಉಳಿದಿತ್ತು.

"ಏನ್ ಮೇಸ್ತ್ರಿ, ನಿನ್ ವ್ಯಾನು ಮಳೆ ಬತ್ತದಾ ಅಂತ ನೋಡ್ತಾ ಐತಾ?" ಅಂತ ಗಾಡಿ ಹೊಡೆಯುವವರೆಲ್ಲ ಕೇಳುವರು. ಅವರ ನಗು ಸಹಿಸಬಹುದಿತ್ತು. ಗಾಡಿಯ ಓಟ ಸಹಿಸುವಂತಿರಲಿಲ್ಲ. ಸಣ್ಣ ಗುಂಡಿಗೂ ಬೆನ್ನುಹುರಿಗೆ ಏಟು, ಸ್ಟೇರಿಂಗು ಕುಡಿದವನ ಕೈ ಹಿಡಿದಂತೆ ಅತ್ತಿತ್ತ ಎಳೆಯುತ್ತಿತ್ತು.

ಮುಂಭಾಗ ಪೂರ್ತಿ ಬಿಚ್ಚಿದೆ. ಚಕ್ರ ತಿರುಗಿಸುವ ದಪ್ಪ ಮೊಳೆಗಳು ಸವೆದಿದ್ದವು, ಅವಕ್ಕೆ ಹೊಸ ಕಂಚಿನ ಬಳೆ ಹಾಕಿದೆ. ಹೆಚ್ಚಿನ ಪಟ್ಟಿಗಳನ್ನು ತೆಗೆದುಹಾಕಿದೆ. ಆದರೆ ಉಳಿದವು ಎಡಕ್ಕೊಂದು ಥರ, ಬಲಕ್ಕೊಂದು ಥರ ಬಾಗಿದ್ದವು. ಎಲ್ಲವನ್ನೂ ಕಾಸಿ, ಬಾಗು ತಗ್ಗಿಸಿ, ಎರಡೂ ಕಡೆ ಸಮ ಮಾಡಿ, ಮತ್ತೆ ಹದ ಕೊಡಬೇಕು. ಅದಕ್ಕೆ ಕುಲುಮೆ ಬೇಕು.

ಮೂಕಂಡಪಲ್ಲಿಯಲ್ಲಿ ಒಬ್ಬ ಆಚಾರಿ ಇದ್ದ. ನೇಗಿಲ ಗುಳಕ್ಕೆ, ಕೊಡಲಿಗೆ ಡೆಂಕಣಿಕೋಟೆ ಕಡೆಯವರೂ ಅವನ ಹತ್ತಿರವೇ ಬರುತ್ತಿದ್ದರು. ನನಗಿಂತ ಹಿರಿಯ, ನನ್ನಷ್ಟೇ ಜಂಬದವನು. ಕೂಲಿ ಬೇಡ ಅಂದ.

"ನನ್ ಮಗಳು ಬಾಣಂತನಕ್ಕೆ ಬಂದವ್ಳೆ. ಐದು ತಿಂಗಳಾಯ್ತು, ಬುಧವಾರ ಗಂಡನ ಮನೆಗೆ ಕಳಿಸ್ಬೇಕು. ಕೃಷ್ಣಗಿರಿ ಆಚೆ. ಎತ್ತಿನ ಗಾಡೀಲಿ ಕೂಸಿನ ನೆತ್ತಿ ಅಲ್ಲಾಡೋಗ್ತದೆ. ನಿನ್ ಗಾಡೀಲಿ ಬಿಟ್ಟು ಬಾ, ಅದೇ ಕೂಲಿ."

ಒಪ್ಪಿದೆ. ನಾನೇ ತಿದಿ ಒತ್ತಿದೆ. ಮೊದಲು ಬೆಂಕಿಗೆ ಹೋದದ್ದು ಎಡಗಡೆಯ ಅತಿ ಉದ್ದದ ಪಟ್ಟಿ. ನಾವು ಅದನ್ನು ತಾಯಿ ಪಟ್ಟಿ ಅನ್ನುತ್ತೇವೆ. ಮಿಕ್ಕವು ಅದಕ್ಕೆ ಒತ್ತಾಸೆ ಅಷ್ಟೇ. ಅದು ಮುರಿದರೆ ಮುಂದಿನ ಅಚ್ಚು ಜರುಗಿ ಗಾಡಿ ಎತ್ತಲಾದರೂ ಹೋದೀತು. ಆಚಾರಿ ಅದನ್ನು ಕೆಂಪಗೆ ಕಾಸಿ, ಬಡಿದು, ಬಾಗು ಇಳಿಸಿ, ಮತ್ತೆ ಕಾಸಿ ಇಕ್ಕಳದಲ್ಲಿ ಎತ್ತಿ ಹಿಡಿದು ನನ್ನ ಕಡೆ ನೋಡಿದ.

"ಕುಡುಗೋಲಾದ್ರೆ ನೀರು, ನಂಗೊತ್ತು. ಇದು ಬಗ್ಗಿ ಏಳೋ ಉಕ್ಕು. ಇದ್ಕೆ ನೀರಾ, ಎಣ್ಣೇನಾ?"

ನಾನು ಬೆಂಗಳೂರು ದಂಡಿನ ಗ್ಯಾರೇಜಿನಲ್ಲಿ ನಾಲ್ಕು ವರ್ಷ ಇದ್ದವನು. ಇದ್ದದ್ದು ಸಾಮಾನು ತೊಳೆಯಲಿಕ್ಕೆ. ಪಟ್ಟಿಗೆ ಹದ ಹಾಕುವುದನ್ನು ಒಂದು ದಿನವೂ ಕಂಡವನಲ್ಲ. ಆದರೆ ದಂಡಿನಲ್ಲಿ ಕೆಲಸ ಕಲಿತವನು ಅಂತ ಊರೆಲ್ಲ ಹೇಳಿಕೊಂಡಿದ್ದೆ.

"ನೀರೇ. ದಂಡಲ್ಲಿ ಹಂಗೇ ಮಾಡೋದು," ಅಂದೆ.

ನೀರಿನ ಬಾನಿಗೆ ಅದ್ದಿದ. ನೀರು ಭೋರೆಂದು ಕುದಿಯಿತು. ಆ ಸದ್ದಿನ ಒಳಗಿಂದ ಇನ್ನೊಂದು ಸದ್ದು ಬಂತು: ಟಿಣ್. ಗಾಜಿನ ಬಳೆ ಬಿರಿದಷ್ಟು ಸಣ್ಣದು. ಆಚಾರಿಯ ಮುಖ ನೋಡಿದೆ. ಅವನು ಬಾನಿಯನ್ನೇ ನೋಡುತ್ತಿದ್ದ. ಅವನು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಮಿಕ್ಕ ಪಟ್ಟಿಗಳೂ ಹಾಗೇ ನೀರಿಗೆ ಹೋದವು. ಅವು ಸದ್ದು ಮಾಡಲಿಲ್ಲ.

ಎಲ್ಲ ಕಟ್ಟಿ ನಿಲ್ಲಿಸಿದಾಗ ವ್ಯಾನಿನ ಮೂತಿ ನಾಲ್ಕು ಬೆರಳು ಇಳಿದಿತ್ತು. ನೋಡಲಿಕ್ಕೆ ಬಲು ಚೆಂದ. ಹೊಗಳಿದವರಿಗೆ ತಲೆಯಾಡಿಸುತ್ತಿದ್ದೆ, ಕಿವಿಯೊಳಗೆ ಟಿಣ್ ಅನ್ನುತ್ತಿತ್ತು. ಬಟ್ಟೆಯಲ್ಲಿ ಒರೆಸಿ ನೋಡಿದೆ, ಬಿರುಕು ಕಾಣಲಿಲ್ಲ. ಕಾಣದ ಬಿರುಕನ್ನು ಕಾಣಿಸುವ ಉಪಾಯ ಒಂದಿದೆ. ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸುಣ್ಣ ಬಳಿಯಬೇಕು. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಸುಣ್ಣದ ಮೇಲೆ ಕಪ್ಪು ಗೆರೆಯಾಗಿ ಬರುತ್ತದೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಮಾಡಲಿಲ್ಲ. ಮಾಡಿದರೆ ಉತ್ತರ ಬಂದುಬಿಡುತ್ತದಲ್ಲ.

ಬುಧವಾರ ಬೆಳಿಗ್ಗೆ ಹೊರಟೆವು. ಮಗಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕ ಕೂತಳು. ಆಚಾರಿ ಹಿಂದೆ ತೊಟ್ಟಿಲು, ರಾಗಿ ಮೂಟೆಗಳ ನಡುವೆ. ಗಾಡಿ ನೀರಿನ ಮೇಲೆ ತೇಲಿದಂತೆ ಹೋಗುತ್ತಿತ್ತು. ಕೂಸು ನಿದ್ದೆಹೋಯಿತು.

"ಅಣ್ಣ, ತೊಟ್ಲು ತೂಗ್ದಂಗೈತೆ. ಬರೋವಾಗ ಎತ್ತಿನ ಗಾಡೀಲಿ ನನ್ ಪ್ರಾಣವೇ ಹೋಗಿತ್ತು," ಅಂದಳು ಆಕೆ.

ಪ್ರತಿ ಹಳ್ಳಕ್ಕೂ ಎಡಗಡೆ ಕಿವಿ ಕೊಡುತ್ತಿದ್ದೆ. ಒಂದು ಕಲ್ಲು ಚಕ್ರಕ್ಕೆ ಸಿಕ್ಕಿ ಕಟ್ ಅಂದಾಗ ಬ್ರೇಕಿನ ಮೇಲೆ ಕಾಲಿಟ್ಟೆ. ನಿಧಾನ ಮಾಡಿದೆ. ಇನ್ನೂ ನಿಧಾನ ಮಾಡಿದೆ.

"ಏನ್ ಮೇಸ್ತ್ರಿ, ನಿನ್ ಗಾಡೀಗಿಂತ ಕತ್ತೆ ಮುಂದೆ ಹೋಯ್ತು," ಅಂತ ಹಿಂದಿನಿಂದ ಆಚಾರಿ ಕೂಗಿದ. ಅವನ ದನಿಯಲ್ಲಿ ನಗು ಇರಲಿಲ್ಲ.

ಸೂಳಗಿರಿ ಬಂತು. ಅಲ್ಲಿಂದ ಮುಂದಕ್ಕೆ ರಸ್ತೆ ಇಳಿಜಾರು ಹಿಡಿಯುತ್ತದೆ. ತಿರುವುಗಳ ಎಡಕ್ಕೆ ಬರೀ ಬಂಡೆ, ಪೊದೆ, ಕೆಳಗೆ ಬಯಲು. ಇಳಿಯಲಿಕ್ಕೆ ಶುರು ಮಾಡಿದ ಮೇಲೆ ನಿಲ್ಲಿಸುವ ಮಾತಿಲ್ಲ. ಕೂಸು ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು. ನಾನು ಗಾಡಿಯನ್ನು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ, ಇಂಜಿನ್ನಿಗೆ ನೀರು ಹಾಕಬೇಕು ಅಂದೆ. ನೀರು ಹಾಕಲಿಲ್ಲ. ಸೀಮೆಎಣ್ಣೆ ಡಬ್ಬಿ ತೆಗೆದುಕೊಂಡು ಕೆಳಗೆ ನುಸುಳಿದೆ. ತಾಯಿ ಪಟ್ಟಿಯ ಅಂಚಿಗೆ ಹಚ್ಚಿ, ಒರೆಸಿ, ಎದ್ದು ಆಚಾರಿಯ ಮುಂದೆ ಕೈ ಚಾಚಿದೆ.

"ಸುಣ್ಣ ಕೊಡು."

"ಎಲೆ ಹಾಕ್ತೀಯಾ?"

"ಇಲ್ಲ."

ಅವನು ನನ್ನ ಕೈಗೆ ಹತ್ತಿದ್ದ ಎಣ್ಣೆ ನೋಡಿದ, ಚಕ್ರ ನೋಡಿದ. ಸುಣ್ಣದ ಡಬ್ಬಿಯನ್ನು ಹಾಗೇ ನನ್ನ ಅಂಗೈಗೆ ಇಟ್ಟು, ತಾನೂ ಕೆಳಗಿಳಿದು ನನ್ನ ಪಕ್ಕ ಮಣ್ಣಿನಲ್ಲಿ ಮಲಗಿದ. ಬೆರಳಲ್ಲಿ ತೆಳ್ಳಗೆ ಬಳಿದೆ. ಸುಣ್ಣ ಒಣಗಿ ಬೆಳ್ಳಗಾಗುವವರೆಗೂ ಇಬ್ಬರೂ ನೋಡುತ್ತಾ ಮಲಗಿದ್ದೆವು. ಮೊದಲು ಏನೂ ಇಲ್ಲ. ಸದ್ಯ ಅಂದುಕೊಳ್ಳುವಷ್ಟರಲ್ಲಿ, ನಡು ಬೋಲ್ಟಿನಿಂದ ಒಂದು ಗೇಣು ಈಚೆಗೆ, ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತು. ನೋಡನೋಡುತ್ತಾ ಕೆಳಗಿಳಿಯಿತು.

"ಟಿಣ್ ಅಂದಿತ್ತು," ಅಂದೆ.

"ನಂಗೂ ಕೇಳಿಸ್ತು ಕಣ್ಲಾ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ದಂಡಲ್ಲಿ ಕಲ್ತವ್ನು ನೀನು, ನೀನೇ ಹೇಳ್ತೀಯ ಅಂತ ಇದ್ದೆ. ಕುಲುಮೆ ನಂದು. ಕೆಟ್ಟದ್ದು ನನ್ ಕೈಲಿ ಅಂತ ನಾನ್ ಯಾಕೆ ಅನ್ಲಿ?"

"ದಂಡಲ್ಲಿ ನಾನು ಅದನ್ನ ನೋಡೇ ಇಲ್ಲ, ಆಚಾರಿ."

ಎದ್ದು ನೋಡಿದರೆ ಮಗಳು ಕೂಸನ್ನು ಎತ್ತಿಕೊಂಡು ಕೆಳಗೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಕೂಗಾಡಲಿಲ್ಲ.

"ನಿಮ್ಮಿಬ್ರ ಮಾನ ತೂಗಿ ನೋಡೋಕೆ ನನ್ ಕೂಸೇ ಬೇಕಿತ್ತಾ?" ಅಂದಳು.

ಆಚಾರಿ ಹೋಗಿ ತೊಟ್ಟಿಲನ್ನು ಕೆಳಗಿಳಿಸಿದ. ನಾನು ಅಷ್ಟು ಹೊತ್ತೂ ಸುಣ್ಣ ಹತ್ತಿದ ಬೆರಳನ್ನೇ ಒರೆಸಿಕೊಳ್ಳುತ್ತಿದ್ದೆ. ಮಧ್ಯಾಹ್ನದ ಬಸ್ಸಿಗೆ ಅಪ್ಪ, ಮಗಳು, ಕೂಸು ಹತ್ತಿದರು. ತೊಟ್ಟಿಲನ್ನು ನಾನೇ ಬಸ್ಸಿನ ಮೇಲೆ ಕಟ್ಟಿದೆ. ಆಕೆ ಕಿಟಕಿಯಿಂದ ನನ್ನ ಕಡೆ ತಿರುಗಲಿಲ್ಲ. ಕಮಾನಿಗೆ ಬೇವಿನ ಕೊಂಬೆ ಇಟ್ಟು ಹಗ್ಗ ಬಿಗಿದು, ನಡೆಯುವವರಿಗಿಂತ ಮೆಲ್ಲಗೆ ಬರೀ ಗಾಡಿ ಹೊಡೆದುಕೊಂಡು ವಾಪಸ್ಸು ಬಂದೆ. ಊರ ಹತ್ತಿರ ಒಂದು ಸೇತುವೆ ದಾಟುವಾಗ ಪಟ್ಟಿ ಮುರಿಯಿತು. ಗಾಡಿ ಎಡಕ್ಕೆ ವಾಲಿ ಕಟ್ಟೆಗೆ ಒರಗಿ ನಿಂತಿತು. ನಾನು ಒಬ್ಬನೇ ಇದ್ದೆ. ಪಕ್ಕದ ಖಾಲಿ ಸೀಟನ್ನು ಒಮ್ಮೆ ಕೈಯಿಂದ ಮುಟ್ಟಿ ಕೆಳಗಿಳಿದೆ.

ಆಚಾರಿ ಹಿಂದಿರುಗಿದ ಮೇಲೆ ಮತ್ತೆ ಕುಲುಮೆ ಹೊತ್ತಿಸಿದ. ಬೇರೆ ಪಟ್ಟಿ ಕಾಯಿತು. ಇಕ್ಕಳ ಎತ್ತಿ ಹಿಡಿದು ಅದೇ ಮಾತು ಕೇಳಿದ. "ನೀರಾ, ಎಣ್ಣೇನಾ?"

"ಗೊತ್ತಿಲ್ಲ," ಅಂದೆ.

ಅವನು ಪಟ್ಟಿಯನ್ನು ಬೂದಿಯ ಮೇಲೆ ಇಟ್ಟ. "ನಂಗೂ ಗೊತ್ತಿಲ್ಲ. ನಡಿ, ಕೇಳ್ಕೊಂಡ್ ಬರಾನ."

ಬಸ್ ನಿಲ್ಲುವ ಕಡೆ ಒಬ್ಬ ತಮಿಳು ಫಿಟ್ಟರ್ ಇದ್ದ, ವಯಸ್ಸಾದವನು. ನಮ್ಮಿಬ್ಬರನ್ನೂ ಮೇಲಿಂದ ಕೆಳಕ್ಕೆ ನೋಡಿ, "ಎಣ್ಣೆ ದಾನ್‌ಯ್ಯಾ. ಎಣ್ಣೇನೇ. ಇಷ್ಟು ದಿನ ಕೇಳೋಕೆ ಏನ್ ಕಷ್ಟ ನಿಮ್ಗೆ?" ಅಂದ. ಹೊಂಗೆ ಎಣ್ಣೆ ತುಂಬಿದ ಬಾನಿಯಲ್ಲಿ ಎಲ್ಲ ಪಟ್ಟಿಗೂ ಹೊಸದಾಗಿ ಹದ ಹಾಕಿದೆವು. ಒಂದೂ ಸದ್ದು ಮಾಡಲಿಲ್ಲ.

ಯುಗಾದಿಗೆ ಮಗಳು ತವರಿಗೆ ಬಂದಳು. ಹಬ್ಬ ಮುಗಿದ ಮೇಲೆ ಗಂಡನ ಮನೆಗೆ ಬಿಟ್ಟುಬರುತ್ತೇನೆ ಅಂತ ವ್ಯಾನು ತಂದು ಅವರ ಬಾಗಿಲಿಗೆ ನಿಲ್ಲಿಸಿದೆ. ಕೂಸು ಆಗಲೇ ತಪ್ಪುಹೆಜ್ಜೆ ಇಡುತ್ತಿತ್ತು. ಆಕೆ ಅದನ್ನು ಕಂಕುಳಿಗೆ ಎತ್ತಿಕೊಂಡು ಬಂದು, ವ್ಯಾನಿನ ಮೆಟ್ಟಿಲ ಮೇಲೆ ಕಾಲಿಡದೆ, ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ನನ್ನ ಕೈಗಿಟ್ಟಳು.

ನಾನು ಹಬ್ಬದ ಹೊಸ ಪಂಚೆಯಲ್ಲೇ ಮಣ್ಣಿಗೆ ಮಲಗಿದೆ. ಸೀಮೆಎಣ್ಣೆ ಹಚ್ಚಿ, ಒರೆಸಿ, ಎಡಗಡೆ ಬಳಿದೆ, ಬಲಗಡೆ ಬಳಿದೆ. ಆಕೆ ಬಗ್ಗಿ ನೋಡುತ್ತಾ, ಸುಣ್ಣ ಪೂರ್ತಿ ಬೆಳ್ಳಗಾಗುವವರೆಗೂ ಬಿಸಿಲಲ್ಲಿ ನಿಂತೇ ಇದ್ದಳು.