ಫುರಾಹಾ ಹೇಳದ ವಾಕ್ಯ

ಕಳೆದ ವರ್ಷದ ಬೇಸಿಗೆ ರಜೆ. ಆಸ್ಟಿನ್‌ನಲ್ಲಿ ಭಾಷಾಶಾಸ್ತ್ರ ಓದುತ್ತಿರುವ ನನ್ನ ಮಗಳು ಅನನ್ಯಾ ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ನಮ್ಮ ಮನೆಗೆ ಬಂದವಳೇ, "ಅಮ್ಮಾ, ಸ್ವಾಹಿಲಿ ಮಾತಾಡೋರು ಯಾರಾದ್ರೂ ಗೊತ್ತಾ? ಪ್ರಾಜೆಕ್ಟ್‌ಗೆ ಬೇಕು" ಎಂದಳು.

ನನಗೆ ಒಬ್ಬರು ಗೊತ್ತಿದ್ದರು. ಹಿಲ್‌ಕ್ರಾಫ್ಟ್ ರಸ್ತೆಯ ಅಂಗಡಿಯಲ್ಲಿ ಬಾಳೆಕಾಯಿ ಆರಿಸುವಾಗ ಪರಿಚಯವಾದ ಫುರಾಹಾ. ಕಾಂಗೋದ ಯುದ್ಧದಿಂದ ಓಡಿ, ನಿರಾಶ್ರಿತರ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದು, ಕೊನೆಗೆ ಹ್ಯೂಸ್ಟನ್ ಸೇರಿದವರು. ಬಾಳೆಕಾಯಿ ಹೇಗೆ ಬೇಯಿಸ್ತೀರಿ ಎಂದು ಶುರುವಾದ ಮಾತು ಸ್ನೇಹವಾಗಿತ್ತು. ಅವರ ಕಡೆ ತಾಯಂದಿರನ್ನು ಮಕ್ಕಳ ಹೆಸರಿನಿಂದ ಕರೆಯುತ್ತಾರೆ. ಹಾಗಾಗಿ ನಾನು ಅವರಿಗೆ 'ಮಾಮಾ ಅನನ್ಯಾ', ಅಂದರೆ ಅನನ್ಯಾಳ ಅಮ್ಮ. ಅವರಿಗೆ ಮಕ್ಕಳಿದ್ದಾರೆಯೇ ಎಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಶನಿವಾರ ಅವರನ್ನು ಮನೆಗೆ ಕರೆತಂದೆ. ಚರ್ಚಿಗೆ ಹೊರಟವರ ಹಾಗೆ ಇಸ್ತ್ರಿ ಮಾಡಿದ ಹಳದಿ ಉಡುಪು ಹಾಕಿದ್ದರು. "ರೆಕಾರ್ಡಿಂಗ್ ಅಂದ್ರೆ ಫೋಟೋನೂ ತೆಗೀತಾರೆ ಅಂದ್ಕೊಂಡೆ" ಎಂದು ನಕ್ಕರು.

ಅನನ್ಯಾಳಿಗೆ ಬೇಕಿದ್ದದ್ದು ಕ್ರಿಯಾಪದಗಳ ಬಾಲ. ಸ್ವಾಹಿಲಿಯಲ್ಲಿ 'ಬೆಬ' ಎಂದರೆ ಎತ್ತಿಕೊಳ್ಳು. ಕೊನೆಯಲ್ಲಿ 'ವ' ಸೇರಿ 'ಬೆಬ್ವ' ಆದರೆ ಎತ್ತಿಕೊಳ್ಳಲ್ಪಡು. ಎತ್ತಿದವರು ಯಾರೆಂದು ಹೇಳಲೇಬೇಕೆಂದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಕೈಯಲ್ಲಿ ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಕಲಿತಿದ್ದ ನನಗೂ ಕುತೂಹಲ. ಕಾಫಿ ಕೊಟ್ಟು ಅಲ್ಲೇ ಕುಳಿತೆ.

ಅನನ್ಯಾ ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳಬೇಕು, ಫುರಾಹಾ ಅದನ್ನೇ ಸ್ವಾಹಿಲಿಯಲ್ಲಿ ಹೇಳಬೇಕು. ಹೋಲಿಸಲು ಸುಲಭವಾಗಲೆಂದು ಎಲ್ಲ ವಾಕ್ಯಗಳಲ್ಲೂ 'ಮಗು' ಎಂದೇ ಇಟ್ಟುಕೊಂಡಿದ್ದಳು. ಮಗುವನ್ನು ಎತ್ತಿಕೊಳ್ಳಲಾಯಿತು. ಮಗುವಿಗೆ ಉಣಿಸಲಾಯಿತು. ಮಗುವನ್ನು ಕರೆಯಲಾಯಿತು. ಫುರಾಹಾ ಪ್ರತಿ ಸಲವೂ ಸ್ವಲ್ಪ ತಡೆದು ಹೇಳುತ್ತಿದ್ದರು. ಉಣಿಸುವ ವಾಕ್ಯಕ್ಕೆ ಅವರ ಬಲಗೈ ಬೆರಳುಗಳು ತುತ್ತು ಹಿಡಿದ ಹಾಗೆ ಕೂಡಿಕೊಂಡವು.

"ಮಗುವನ್ನು ಹೂಳಲಾಯಿತು" ಎಂದಳು ಅನನ್ಯಾ.

ಅವರು ಸುಮ್ಮನಿದ್ದರು. ಮತ್ತೆ ಹೇಳಿದಳು. ಆಗಲೂ ಸುಮ್ಮನೆ. ಅನನ್ಯಾ ನನ್ನ ಕಡೆ ತಿರುಗಿ, "ಈ ವರ್ಬ್‌ಗೆ ಪ್ಯಾಸಿವ್ ಇಲ್ಲ ಅನ್ಸುತ್ತೆ, ಇಂಟರೆಸ್ಟಿಂಗ್" ಎಂದು ಕಂಪ್ಯೂಟರಿನಲ್ಲಿ ಬರೆದುಕೊಳ್ಳತೊಡಗಿದಳು. ಅವಳಾಡಿದ ಕನ್ನಡದಲ್ಲಿ ಇಂಗ್ಲಿಷೇ ಹೆಚ್ಚಿತ್ತು, ಫುರಾಹಾರಿಗೆ ಅರ್ಥವಾಯಿತು.

"ಇದೆ ಮಗಳೇ. ನಮ್ಮಪ್ಪನ ಬಗ್ಗೆ ಹೇಳ್ತೀನಿ, ಬೇಕಾ? ಅವರನ್ನ ಮಣ್ಣು ಮಾಡಿದ್ದು ನೋಡಿದೀನಿ. ಬರಾಕಾನ ಬಗ್ಗೆ ಹೇಗೆ ಹೇಳ್ಲಿ?"

"ಬರಾಕಾ ಯಾರು ಆಂಟಿ?"

"ಇಷ್ಟು ಹೊತ್ತು ಕೇಳ್ತಾ ಇದ್ದೀಯಲ್ಲ, ಆ ಮಗು."

ಅನನ್ಯಾಳ ಕೈ ಕೀಲಿಮಣೆಯ ಮೇಲೆಯೇ ನಿಂತಿತು. ಅಲ್ಲಿಯವರೆಗೆ ಅವಳಿಗೆ ಅದು ಯಾರ ಮಗುವೂ ಆಗಿರಲಿಲ್ಲ.

ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಫುರಾಹಾರ ಮಗ ಬರಾಕಾ, ಊರು ಬಿಟ್ಟು ಓಡುವ ಜನರ ನಡುವೆ ಕೈ ತಪ್ಪಿಹೋಗಿದ್ದ. ಸತ್ತನೆಂದು ಕೆಲವರು, ಬೇರೆ ಶಿಬಿರದಲ್ಲಿ ಕಂಡೆವೆಂದು ಕೆಲವರು ಹೇಳಿದ್ದರು. ಹೊರಡುವಾಗ ಫುರಾಹಾ ಕಾರಿನಲ್ಲಿ ಮೆಲ್ಲಗೆ ಕೇಳಿದರು: "ಮಾಮಾ ಅನನ್ಯಾ, ನಿಮ್ಮ ಮನೆಯವರಿಗೆ ಆಫೀಸುಗಳಿಗೆಲ್ಲ ಬರೆದು ಗೊತ್ತಲ್ಲ, ವಿಚಾರಿಸ್ತಾರಾ? ಇದಾನೋ ಇಲ್ವೋ, ಯಾವುದಾದ್ರೂ ಒಂದು ಗೊತ್ತಾದ್ರೆ ಸಾಕು."

ನನ್ನವರು ಯುದ್ಧದಲ್ಲಿ ಕಾಣೆಯಾದವರನ್ನು ಹುಡುಕುವ ಸಂಸ್ಥೆಗೆ ಬರೆದರು, ಫೋನ್ ಮಾಡಿದರು. ತಿಂಗಳುಗಳ ಮೇಲೆ ಉತ್ತರ ಬಂತು: ಯಾವ ಮಾಹಿತಿಯೂ ಸಿಗಲಿಲ್ಲ. ನಾನೇ ಹೋಗಿ ಹೇಳಿದೆ.

"ಎರಡೂ ಗೊತ್ತಿಲ್ಲ ಅಂದ್ರಾ?"

"ಎರಡೂ ಗೊತ್ತಿಲ್ಲ ಅಂದ್ರು."

ತಲೆಯಾಡಿಸಿ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಮತ್ತೆ ಮುಚ್ಚಿದರು.

ನವೆಂಬರಿನಲ್ಲಿ ಅವರ ಚರ್ಚಿನಲ್ಲಿ ತೀರಿಹೋದವರಿಗಾಗಿ ಪ್ರಾರ್ಥನೆ ಇತ್ತು. ಜೊತೆಗೆ ಬನ್ನಿ ಎಂದರು, ಹೋದೆ. ಮನೆಮನೆಯವರು ಕೊಟ್ಟ ಹೆಸರುಗಳನ್ನು ಪಾದ್ರಿಗಳು ಒಂದೊಂದಾಗಿ ಓದುತ್ತಾರೆ. ಫುರಾಹಾ ತಂದೆಯ ಹೆಸರನ್ನು ಮಾತ್ರ ಕೊಟ್ಟಿದ್ದರು. "ಅವನ ಹೆಸರು ಕೊಟ್ರೆ ನಾನೇ ಕೊಂದ ಹಾಗೆ" ಎಂದಿದ್ದರು. ಆದರೂ, ತಂದೆಯ ಹೆಸರು ಬಂದುಹೋದ ಮೇಲೂ ಮುಂದಕ್ಕೆ ಬಾಗಿ ಕೇಳುತ್ತಲೇ ಇದ್ದರು, ಬರಾಕಾನ ಹೆಸರನ್ನು ಇನ್ನಾರಾದರೂ ಕೊಟ್ಟಿರಬಹುದೇನೋ ಎಂಬಂತೆ. ಪಕ್ಕದಲ್ಲಿದ್ದ ನನಗೆ, ಆ ಹೆಸರು ಬರಲಿ ಎಂದು ಬೇಡಬೇಕೋ ಬಾರದಿರಲಿ ಎಂದು ಬೇಡಬೇಕೋ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ.