ಗಿರಣಿ ಮಾವಶಿಯ ‘ಗೊತ್ತೈತಿ’

ಗಡಿಯಾಚೆಯ ಮರಾಠಿ ಸೀಮೆಯ ವಿಶ್ರಾಮಬಾಗದ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಮಾವಶಿ, ಅಂದರೆ ಓಣಿಗೆಲ್ಲ ಚಿಕ್ಕಮ್ಮ, ಗಿರಾಕಿಗಳನ್ನು ಏನೂ ಕೇಳುತ್ತಿರಲಿಲ್ಲ. ಡಬ್ಬಿ ಕೆಳಗಿಡುವ ಮೊದಲೇ “ನಿಂದು ಗೊತ್ತೈತಿ, ಇಡು” ಎನ್ನುತ್ತಿದ್ದರು. ನಮ್ಮಂಥ ಕನ್ನಡದ ಮನೆಯವರ ಜೋಳ ಸಣ್ಣಗೆ, ಮರಾಠಿ ಮನೆಯವರದು ದಪ್ಪಗೆ. ಅದು ಅವರ ಕಾನೂನು. ಬಿಸಿ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ನಮ್ಮ ಪರವಾಗಿ ತಾವೇ ತಲೆಯಾಡಿಸುತ್ತಿದ್ದರು.

ಒಂದು ಬೆಳಿಗ್ಗೆ ಗಿರಣಿಯ ಟಿವಿಯಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಚರ್ಚೆ ನಡೆದಿತ್ತು.

“ಏನಂತ ಜಗಳ ಅವರದು?” ಎಂದರು ಮಾವಶಿ.

ಕಪ್ಪು ಜನರ ಓಟೆಂದರೆ ಆ ಪಕ್ಷಕ್ಕೆ, ಹಳ್ಳಿಯ ಬಿಳಿಯರದೆಂದರೆ ಈ ಪಕ್ಷಕ್ಕೆ ಎಂದು ಎರಡೂ ಪಕ್ಷದವರು ಲೆಕ್ಕ ಹಿಡಿದು ಕೂತಿದ್ದಾರೆ ಎಂದು ಹೇಳಿದೆ.

ಮಾವಶಿಗೆ ಸಿಟ್ಟೇ ಬಂತು. “ಆ ಮಂದೀನ ಕೇಳ್ಯಾರೇನು? ನಮ್ಮಲ್ಲೂ ಇಲೆಕ್ಷನ್ ಬಂದಾಗ ಹಂಗ. ಲಿಂಗಾಯತರ ಮನಿ ಅಂದಕೂಡ್ಲೆ ಓಟು ಕೇಳಾವ್ರು ‘ತುಮ್ಚಂ ಠರಲೇಲಂ’, ನಿಮ್ಮ ಓಟು ಯಾರಿಗಂತ ಆಗೇ ಹೋಗೈತಿ ಅಂತ ಕೈಮುಗದು ಹೋಗ್ತಾರ. ನಮ್ಮದು ಠರದೈತಿ ಅಂತ ಇವರಿಗೆ ಹೇಳಿದವರ್ಯಾರು? ನಾ ಇನ್ನಾ ಬಾಯೇ ತಗದಿಲ್ಲ!”

ಅದೇ ಸಿಟ್ಟಿನಲ್ಲಿ ನನ್ನ ಡಬ್ಬಿ ಎತ್ತಿಕೊಂಡರು. “ನಿಂದು ಗೊತ್ತೈ...” ಎಂದವರು ತಡೆದರು. ಒಮ್ಮೆ ಟಿವಿ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

“ಸಣ್ಣಗೋ, ದಪ್ಪಗೋ?”

“ದಪ್ಪ ಇರ್ಲಿ, ಮಾವಶಿ.”

“ಅಯ್ಯ! ಇಷ್ಟ ವರ್ಷ ಸಣ್ಣ ಹಿಟ್ಟ ಒಯ್ದಿ. ಒಂದಿನಾನೂ ಅನ್ನಲಿಲ್ಲಲ್ಲ?”

“ನೀವು ಕೇಳಿದ್ದ ಇಲ್ಲಲ್ರಿ.”